ಅದೇ ಮೊಳೆಗೆ

ಜೂನ್ 4

ಅಕ್ಕ,

ನಾನು ಬಿಸ್ಕತ್ತಿನ ಕಾರ್ಖಾನೆಯಲ್ಲಿ ಇಲ್ಲ. ಯಾವತ್ತೂ ಇರಲಿಲ್ಲ. ಹೋದ ವರ್ಷ ಬಸ್ಸಿಳಿದ ವಾರದಿಂದಲೂ ನಾನಿರುವುದು ಆ ಬಣ್ಣದವನ ಮನೆಯಲ್ಲಿ. ಹೌದು, ಅವನೇ. ಅಮ್ಮನ ಬೆನ್ನು ಬರೆದವನು.

ಸುಳ್ಳು ನನಗೆ ಒಗ್ಗುವುದಿಲ್ಲವೆಂದು ನಿನಗೆ ಗೊತ್ತು. ಒಂದು ವರ್ಷ ಹೇಗೋ ತಡೆದುಕೊಂಡೆ, ಇನ್ನು ಆಗುವುದಿಲ್ಲ. ಊರಿಗೆ ಫೋನ್ ಮಾಡೋಣವೆಂದರೆ ಫೋನ್ ಇರುವುದು ಆ ಚಹಾ ಅಂಗಡಿಯಲ್ಲಿ; ಅಲ್ಲಿ ಎಲ್ಲರ ಕಿವಿಯೂ ಅದರ ಮೇಲೇ. ಅದಕ್ಕೇ ನಿನ್ನ ಗಿರಣಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ.

ಇಲ್ಲಿ ನನ್ನ ಕೆಲಸ ಕುಂಚ ತೊಳೆಯುವುದು, ಬಣ್ಣ ಮೆತ್ತಿದ ನೆಲ ಒರೆಸುವುದು, ಕ್ಯಾನ್ವಾಸಿನ ಬಟ್ಟೆಯನ್ನು ಮರದ ಚೌಕಟ್ಟಿಗೆ ಬಿಗಿಯಾಗಿ ಎಳೆದು ಮೊಳೆ ಹೊಡೆಯುವುದು. ಬಟ್ಟೆ ಹೇಗೆ ಎಳೆದರೆ ನಿಲ್ಲುತ್ತದೆ, ಎಲ್ಲಿ ಚಾಕು ಹಾಕಿದರೆ ಪರ್ರೆಂದು ಹರಿಯುತ್ತದೆ, ಎರಡೂ ಕಲಿತಿದ್ದೇನೆ. ಎರಡನೆಯದಕ್ಕಾಗಿಯೇ ಬಂದವಳು ನಾನು.

ಅವನನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಾರೆ. ಎದುರಿಗೆ ನಾನೂ ಹಾಗೇ ಕರೆಯುತ್ತೇನೆ. ಮನಸ್ಸಿನಲ್ಲಿ ಕರೆಯುವ ಹೆಸರು ಬೇರೆ, ಅದನ್ನು ಬರೆದರೆ ನಿನ್ನ ಗಿರಣಿಯ ಹೊಟ್ಟಿಗೂ ನಾಚಿಕೆಯಾದೀತು.

ನಿನಗೆ ಗೊತ್ತಿದ್ದದ್ದನ್ನೇ ಇನ್ನೊಮ್ಮೆ ಹೇಳುತ್ತೇನೆ, ಹೇಳಿಕೊಂಡರೆ ಕೋಪ ಆರುವುದಿಲ್ಲ. ನಾಟಿಗೆ ಬಗ್ಗಿದ ಮೂವರು ಹೆಂಗಸರು, ಮೂವರದ್ದೂ ಬೆನ್ನು ನಮ್ಮ ಕಡೆಗೆ. ನಡುವಿನವಳ ಸೊಂಟದ ಕೆಳಗೆ ಸೀರೆಗೆ ಹಿಟ್ಟಿನ ಚೀಲದ ತೇಪೆ. ಆ ತೇಪೆಯನ್ನು ಚೀಲದ ನೀಲಿ ಗೆರೆಯ ಸಮೇತ ಬರೆದಿಟ್ಟಿದ್ದಾನೆ ಪುಣ್ಯಾತ್ಮ. ಗೊಬ್ಬರದ ಅಂಗಡಿಯವರು ಅದನ್ನು ಕ್ಯಾಲೆಂಡರ್ ಮಾಡಿಸಿದರು, ಚಹಾ ಅಂಗಡಿಯ ಗೋಡೆಗೆ ಅದು ಬಂತು, ತೇಪೆ ನೋಡಿ ಊರು ಅಮ್ಮನನ್ನು ಗುರುತು ಹಿಡಿಯಿತು. ಅವತ್ತಿನಿಂದ ಅಮ್ಮ ಕ್ಯಾಲೆಂಡರಮ್ಮ. ಅವಳು ಆ ದಾರಿಯಲ್ಲಿ ಹೋದರೆ ಸಾಕು, ಒಬ್ಬ ಕೇಳುತ್ತಿದ್ದ, "ಲೋ, ಇವತ್ತು ತಾರೀಖು ಎಷ್ಟೋ?" ಇನ್ನೊಬ್ಬ ಹೇಳುತ್ತಿದ್ದ, "ತಡಿ, ಇನ್ನೂ ಸ್ವಲ್ಪ ಬಗ್ಗಲಿ, ಕಾಣತ್ತೆ."

ಅಮ್ಮ ಗದ್ದೆಗೆ ಹೋಗುವುದನ್ನೇ ಬಿಟ್ಟಳು. ಶಾಲೆಯಲ್ಲಿ ಒಬ್ಬ ಹುಡುಗ ನನ್ನನ್ನೂ ತಾರೀಖು ಕೇಳಿದ. ಅವನ ಮುಂದಿನ ಹಲ್ಲು ಈಗಿಲ್ಲ. "ತಪ್ಪಾಯ್ತು ಅನ್ನು" ಎಂದರು ಹೆಡ್ ಮಾಸ್ಟರು. "ತಪ್ಪಾಗಿಲ್ಲ, ಹಲ್ಲು ಹೋಗಿದೆ ಅಷ್ಟೆ" ಅಂದೆ. ಅಲ್ಲಿಗೆ ನನ್ನ ಓದು ಮುಗಿಯಿತು. ಈ ಕಾಗದದ ಮೇಲೆ ತಾರೀಖು ಹಾಕುವಾಗಲೂ ಹಲ್ಲು ಕಡಿದುಕೊಂಡೇ ಹಾಕಿದ್ದೇನೆ.

ಇನ್ನೊಂದು ವಿಷಯ. ಇಷ್ಟು ದೊಡ್ಡ ಮನುಷ್ಯ, ನಾಟಿಯೇ ಗೊತ್ತಿಲ್ಲ! ನಾಟಿ ಹಾಕುವವರು ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾರೆ, ನೆಟ್ಟ ಸಸಿ ಕಣ್ಣ ಮುಂದಿರುತ್ತದೆ. ಇವನ ಚಿತ್ರದಲ್ಲಿ ಅವರ ಮುಂದೆ ಬರೀ ಖಾಲಿ ಕೆಸರು, ಅಂದರೆ ನೆಟ್ಟದ್ದೆಲ್ಲ ಅವರ ಹಿಂದಿದೆ. ಹಿಂದಕ್ಕೆ ಒಂದು ಹೆಜ್ಜೆ ಇಟ್ಟರೆ ತಾವು ನೆಟ್ಟದ್ದನ್ನು ತಾವೇ ತುಳಿಯಬೇಕು. ಪೆದ್ದ.

ಆಗಸ್ಟಿನಲ್ಲಿ ಅವನ ದೊಡ್ಡ ಪ್ರದರ್ಶನ. ಅದಕ್ಕಾಗಿ ಆ ಚಿತ್ರವನ್ನು ಕೊಂಡವರ ಮನೆಯಿಂದ ಇಲ್ಲಿಗೆ ತರಿಸುತ್ತಾರೆ. ಕಟ್ಟು ಬಿಚ್ಚುವುದು ನನ್ನ ಕೆಲಸ. ಚಾಕು ನನ್ನ ಕೈಯಲ್ಲೇ ಇರುತ್ತದೆ.

ಅಮ್ಮನಿಗೆ ಈಗಲೇ ಹೇಳಬೇಡ. ಕೆಲಸ ಮುಗಿದ ಮೇಲೆ ಹೇಳು.

ನಿನ್ನ ಗಾಳಿ


ಜೂನ್ 19

ಗಾಳಿಗೆ,

ನಿನ್ನ ಕಾಗದ ಬಂತು. ಬಿಸ್ಕತ್ತಿನ ಕಾರ್ಖಾನೆಯಲ್ಲಿದ್ದೂ ಒಂದು ಪೊಟ್ಟಣ ಕಳಿಸಲಿಲ್ಲವಲ್ಲ ಎಂದು ಅಮ್ಮ ಬೈದುಕೊಳ್ಳುತ್ತಿದ್ದಳು. ಈಗ ಕಾರಣ ತಿಳಿಯಿತು.

ಗಿರಣಿಯ ಪಟ್ಟಿ ಎರಡು ಸಲ ಹರಿಯಿತು. ಚಿಕ್ಕಮ್ಮನಿಗೆ ಕೆಮ್ಮು. ಮಾಡಿನ ಮೂಲೆಯ ಹಂಚು ಬದಲಾಯಿಸಿದೆವು. ಅಮ್ಮ ಚೆನ್ನಾಗಿದ್ದಾಳೆ, ಎಡಗೈ ಸ್ವಲ್ಪ ನೋವು, ಬಿಂದಿಗೆ ಎತ್ತುವಾಗ ಉಳುಕಿದ್ದು. ಅಪ್ಪ ಮನೆಯಲ್ಲೇ ಇದ್ದಾನೆ.

ಕೆಲಸ ಬಿಟ್ಟು ಬಾ. ಗಿರಣಿಯಲ್ಲಿ ಒಬ್ಬಳು ಬೇಕೆಂದು ಕೇಳುತ್ತಿದ್ದಾರೆ.

ಅಕ್ಕ


ಜೂನ್ 27

ಅಕ್ಕ,

ನಾನು ಬೆಂಕಿ ಎಂದರೆ ನೀನು ಹಂಚು ಎನ್ನುತ್ತೀಯ. ಒಂದೇ ಒಂದು ಸಾಲು, "ಹೌದು ಗಾಳಿ, ಅವನು ಮಾಡಿದ್ದು ಅನ್ಯಾಯ" ಎಂದು ಬರೆಯಲು ಕೈ ಬರಲಿಲ್ಲವೇ? ಮತ್ತೆ, ಅಪ್ಪನನ್ನು "ಇದ್ದಾನೆ" ಎಂದು ಬರೆಯುವುದನ್ನು ಯಾವಾಗ ಕಲಿತೆ? ಅವರೇನು ನಿನ್ನ ಗಿರಣಿಯ ಹಮಾಲರೇ?

ಪಾಪ ಅಪ್ಪ. ಆ ಚಹಾ ಅಂಗಡಿಯಲ್ಲಿ ಕ್ಯಾಲೆಂಡರಿನ ಕೆಳಗೇ ಕೂತು ಎಲ್ಲರ ಜೊತೆ ನಗುತ್ತಿದ್ದರಲ್ಲ, ಆ ನಗುವಿನಲ್ಲಿ ಎಷ್ಟು ಅವಮಾನ ನುಂಗಿದ್ದರೋ! ನನ್ನನ್ನು ಬಸ್ಸು ಹತ್ತಿಸುವಾಗ ಅವರೇ ಟಿಕೆಟು ತೆಗೆದು ಕೈಗಿಟ್ಟರು. "ಆ ಬಣ್ಣದೋನು ಎಲ್ಲಾದ್ರೂ ಸಿಕ್ಕಿದ್ರೆ ಕೈ ಮುರಿದು ಬಾ ಮಗಳೇ" ಎಂದರು. ಕಣ್ಣಲ್ಲಿ ನೀರಿತ್ತು. ಆ ಟಿಕೆಟನ್ನು ಇನ್ನೂ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟಿದ್ದೇನೆ. ನಾನು ಮಾಡುವುದು ಅಮ್ಮನಿಗಾಗಿ ಮಾತ್ರವಲ್ಲ, ಅವರಿಗಾಗಿಯೂ.

ಮೊನ್ನೆ ಒಬ್ಬ ಪತ್ರಿಕೆಯವಳು ಬಂದಿದ್ದಳು. ಕೋಣೆಯ ನಾಲ್ಕೂ ಗೋಡೆಗೆ ಬೆನ್ನುಗಳೇ. ನಾಟಿ ಬೆನ್ನು, ಕೊಯ್ಲು ಬೆನ್ನು, ಹೊರೆ ಹೊತ್ತ ಬೆನ್ನು. ಒಂದಕ್ಕೂ ಮುಖವಿಲ್ಲ. "ನೀವು ಮುಖ ಬರೆಯೋದೇ ಇಲ್ವಲ್ಲ ಸರ್, ಯಾಕೆ?" ಎಂದಳು. ಅವನು ಕಿಟಕಿಯ ಕಡೆ ನೋಡುತ್ತ, "ದುಡಿಮೆಗೆ ಮುಖ ಇಲ್ಲಮ್ಮ. ಒಬ್ಬಳ ಮುಖ ಬರೆದ್ರೆ ಅದು ಒಬ್ಬಳ ಚಿತ್ರ ಆಗತ್ತೆ. ಬೆನ್ನು ಬರೆದ್ರೆ ಎಲ್ಲರದ್ದೂ ಆಗತ್ತೆ" ಎಂದ. ಅವಳು ಬರೆದುಕೊಂಡಳು. ನಾನು ಬಕೆಟ್ಟು ಹಿಡಿದು ಅಲ್ಲೇ ನಿಂತಿದ್ದೆ. ಎಲ್ಲರದ್ದಂತೆ! ತಾರೀಖು ಕೇಳಿಸಿಕೊಂಡವಳು ಮಾತ್ರ ಒಬ್ಬಳೇ.

ಬಕೆಟ್ಟು ಅವಳ ಕಾಲಿನ ಮೇಲೆ ಚೆಲ್ಲಿತು. ತಾನಾಗಿ ಚೆಲ್ಲಿತೆಂದು ಹೇಳಲಾರೆ, ಸುಳ್ಳು ಬಿಟ್ಟಿದ್ದೇನೆ.

ಚಿತ್ರ ಮುಂದಿನ ತಿಂಗಳು ಬರುತ್ತದೆ. ನನ್ನ ಮನಸ್ಸು ಬದಲಾಯಿಸಲು ನೋಡಬೇಡ.

ಗಾಳಿ


ಜುಲೈ 15

ಗಾಳಿಗೆ,

ಎರಡು ಸಲ ಬರೆದು ಹರಿದೆ. ಇದು ಮೂರನೆಯದು.

ಆ ಚಿತ್ರ ಮುಟ್ಟಬೇಡ. ಅದರಲ್ಲಿ ನಾನೂ ಇದ್ದೇನೆ ಎಂಬುದನ್ನು ಮರೆತೆಯಾ? ಎಡಗಡೆಯವಳು ನಾನು, ಬಲಗಡೆ ಚಿಕ್ಕಮ್ಮ. ಅದನ್ನು ಕತ್ತರಿಸಿದರೆ ನಮ್ಮ ಮೂವರನ್ನೂ ಕತ್ತರಿಸಿದ ಹಾಗೆ.

ಅವನು ಒಳ್ಳೆಯವನೆಂದು ನಾನು ಹೇಳುತ್ತಿಲ್ಲ. ಆದರೆ ಅವನಿಗೆ ನಾಟಿ ಗೊತ್ತಿಲ್ಲ ಎನ್ನುವುದು ಸುಳ್ಳು. ಅವನು ಕಂಡದ್ದನ್ನೇ ಬರೆದಿದ್ದಾನೆ. ಇಷ್ಟಕ್ಕಿಂತ ಹೆಚ್ಚು ಹೇಳುವುದಿಲ್ಲವೆಂದು ಅಮ್ಮನಿಗೆ ಮಾತು ಕೊಟ್ಟಿದ್ದೇನೆ, ಕೇಳಬೇಡ.

ನಾಟಿ ಶುರುವಾಗಿದೆ. ಗಿರಣಿಗೆ ರಜೆ ಹಾಕಿ ಹೋಗುತ್ತಿದ್ದೇನೆ. ಅಮ್ಮನ ಕೈ ಇನ್ನೂ ವಾಸಿಯಾಗಿಲ್ಲ.

ಅಕ್ಕ


ಜುಲೈ 24

ಅಕ್ಕ,

ಚಿತ್ರ ಬಂತು.

ಮಧ್ಯಾಹ್ನ, ಊಟದ ಹೊತ್ತು, ಮನೆಯಲ್ಲಿ ಯಾರೂ ಇರಲಿಲ್ಲ. ಹಗ್ಗ ಕತ್ತರಿಸಿದೆ, ಹಲಗೆ ಬಿಚ್ಚಿದೆ, ಸುತ್ತಿದ ಬಟ್ಟೆ ತೆಗೆದೆ. ಅದು ನನಗಿಂತ ಎತ್ತರ. ಕ್ಯಾಲೆಂಡರಿನಲ್ಲಿ ಅಂಗೈಯಷ್ಟಿದ್ದ ಅಮ್ಮ ಇಲ್ಲಿ ಅಮ್ಮನಷ್ಟೇ ಇದ್ದಾಳೆ. ತೇಪೆಯ ಹೊಲಿಗೆ ಕೂಡ ಕಾಣುತ್ತದೆ. ಎರಡು ಕಡೆ ದಾರ ಬಿಟ್ಟಿದೆ. ಚಾಕುವಿನ ಮೊನೆಯನ್ನು ಮೇಲಿನ ಮೂಲೆಗೆ ಇಟ್ಟೆ.

ಆಗ ಕೆಳಗೆ ನೋಡಿದೆ. ಕ್ಯಾಲೆಂಡರಿನವರು ತಾರೀಖಿನ ಹಾಳೆ ಅಂಟಿಸಲು ಚಿತ್ರದ ಕೆಳಭಾಗ ಕತ್ತರಿಸಿಬಿಟ್ಟಿದ್ದರು, ನಾವು ಅದನ್ನು ನೋಡಿಯೇ ಇಲ್ಲ. ನಿಮ್ಮ ಹಿಮ್ಮಡಿಯ ಕೆಳಗೆ ಸಸಿ ಇದೆ. ತುಳಿದ ಸಸಿ. ಕೆಲವು ಕೆಸರಿನಲ್ಲಿ ಮಲಗಿವೆ, ಕೆಲವು ಬೇರು ಮೇಲಾಗಿ ಬಿದ್ದಿವೆ. ಒಂದೊಂದನ್ನೂ ಕೂತು ಬರೆದಿದ್ದಾನೆ. ಗೊತ್ತಿಲ್ಲದವನು ಮಾಡುವ ಕೆಲಸ ಅದಲ್ಲ. ನಿನ್ನ ಮಾತು ನೆನಪಾಯಿತು. ಚಾಕು ಅಲ್ಲೇ ನಿಂತಿತು.

ಅಷ್ಟರಲ್ಲಿ ಅವನು ಕೈ ಒರೆಸಿಕೊಳ್ಳುತ್ತ ಒಳಗೆ ಬಂದ.

"ಯಾಕೆ ನಿಂತೆ ಹುಡುಗಿ? ಹಗ್ಗ ಕತ್ತರಿಸು."

"ಹಗ್ಗ ಆಯ್ತು ಮೇಷ್ಟ್ರೇ. ಈಗ ಚಿತ್ರ ಕತ್ತರಿಸ್ಬೇಕು ಅಂತಿದ್ದೀನಿ."

ಅವನು ನಕ್ಕ. ನಾನು ನಗಲಿಲ್ಲ.

"ಈ ತೇಪೆಯವಳ ಮಗಳು ನಾನು. ಕತ್ತರಿಸೋಕೇ ನಿಮ್ಮನೆಗೆ ಬಂದದ್ದು. ಅದಕ್ಕೆ ಮೊದಲು ಒಂದು ಹೇಳಿ. ಇವರು ಯಾಕೆ ನೆಟ್ಟದ್ದನ್ನ ತುಳೀತಿದ್ದಾರೆ?"

ಅವನು ಸ್ಟೂಲಿನ ಮೇಲೆ ಕುಸಿದು ಕೂತ. ಸುಮಾರು ಹೊತ್ತು ನನ್ನ ಮುಖವನ್ನೇ ನೋಡಿದ. ಮುಖ ನೋಡುವ ಅಭ್ಯಾಸ ಇಲ್ಲದವನ ಹಾಗೆ. "ಮನೇಲಿ ಹೇಳಿಲ್ವಾ?" ಎಂದ. ಆಮೇಲೆ ಎದ್ದು ಗೋಡೆಯ ಕಪಾಟಿನ ತಳದಿಂದ ಒಂದು ರಟ್ಟಿನ ಕಡತ ತೆಗೆದು ಬಿಚ್ಚಿದ.

ಇದ್ದಿಲಲ್ಲಿ ಬರೆದ ಮುಖ. ಅಮ್ಮನದು. ಎಡಗಣ್ಣು ಊದಿ ಮುಚ್ಚಿಹೋಗಿದೆ. ಕೆನ್ನೆಯ ಮೂಳೆಯ ಮೇಲೆ ಇದ್ದಿಲು ಒತ್ತಿ ಉಜ್ಜಿದ್ದಾನೆ, ತುಟಿ ಒಂದು ಬದಿ ಒಡೆದಿದೆ. ಬಲಗಣ್ಣು ತೆರೆದಿದೆ. ಅದು ನೇರ ನೋಡುತ್ತಿದೆ ಅಕ್ಕ.

"ಹಿಂದಿನ ದಿನ ಎಲ್ಲರ ಮುಂದೇನೇ ಹೇಳಿದ್ದೆ, ನಾಳೆ ನಿಮ್ಮ ಮುಖ ಬರೀತೀನಿ ಅಂತ. ಬೆಳಿಗ್ಗೆ ಹೀಗೆ ಬಂದ್ಲು. ನಾನು ಬದುವಿನ ಮೇಲೆ, ನೆಟ್ಟ ಕಡೇಲಿ ಕೂತಿದ್ದೆ. ಬರೆಯೋಕೆ ಶುರು ಮಾಡಿದೆ. ಬರೀತಿದ್ದೀನಿ ಅಂತ ಗೊತ್ತಾದ ತಕ್ಷಣ ಬೆನ್ನು ತಿರುಗಿಸಿದ್ಲು. ಆಮೇಲೆ ಉಳಿದಿಬ್ಬರೂ ತಿರುಗಿದ್ರು."

"ಯಾರು ಹೊಡೆದದ್ದು ಅಂತ ಕೇಳ್ಲಿಲ್ವಾ?"

"ಅದು ನನ್ನ ಕೆಲಸ ಅಲ್ಲ ಅನ್ಕೊಂಡೆ."

"ಬರೆಯೋದು ಮಾತ್ರ ನಿಮ್ಮ ಕೆಲಸ. ಆಮೇಲೆ ಅದನ್ನೇ ಗೋಡೆ ತುಂಬ ಬರೆದ್ರಿ. ಒಬ್ಬಳು ಊದಿದ ಕಣ್ಣು ಬಚ್ಚಿಟ್ಟದ್ದಕ್ಕೆ ದುಡಿಮೆಗೆ ಮುಖ ಇಲ್ಲ ಅಂತ ಹೆಸರಿಟ್ರಿ."

ಅವನು ಕಡತ ಮಡಿಸಿ ಕಪಾಟಿಗೆ ಇಟ್ಟ. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ.

ಈಗ ಹೇಳು ಅಕ್ಕ. ಯಾರು? ಗದ್ದೆಯ ಯಜಮಾನನೇ? ಅವನ ತಮ್ಮನೇ? ಅಮ್ಮನಿಗೆ ಕೊಟ್ಟ ಮಾತು ನನಗೆ ಬೇಡ, ಹೆಸರು ಬೇಕು. ನೀನು ಬರೆಯದಿದ್ದರೆ ಅಪ್ಪನಿಗೇ ಬರೆದು ಕೇಳುತ್ತೇನೆ. ಅವರಿಗೆ ಇದು ಗೊತ್ತಾದರೆ ಸುಮ್ಮನೆ ಕೂರುವವರಲ್ಲ.

ಗಾಳಿ


ಆಗಸ್ಟ್ 2

ಗಾಳಿ,

ಅಪ್ಪನಿಗೆ ಬರೆಯಬೇಡ. ಹೊಡೆದದ್ದು ಅವನೇ.

ಆ ಬಣ್ಣದವನು ಮುಖ ಬರೆಯುತ್ತೇನೆ ಎಂದಾಗ ಅಪ್ಪ ಬದುವಿನ ಮೇಲೆ ನಿಂತಿದ್ದ. ಅಮ್ಮ ನಕ್ಕಳು. ಅಷ್ಟೇ ಅವಳು ಮಾಡಿದ್ದು. ಮನೆಗೆ ಬಂದ ಮೇಲೆ "ಮುಖ ಬರೆಸ್ಕೊಳ್ತೀಯಾ? ಬಾ, ನಾನೇ ಬರೀತೀನಿ" ಎಂದ. ನೀನು ಆ ವಾರ ಅಜ್ಜಿಯ ಮನೆಯಲ್ಲಿದ್ದೆ.

ಬೆಳಿಗ್ಗೆ "ಬೇಡಮ್ಮ, ಮನೇಲಿರು" ಎಂದೆ. "ಮನೇಲಿ ಅವನಿದ್ದಾನಲ್ಲೇ" ಎಂದಳು. ಗದ್ದೆಗಿಳಿದೆವು. ಅವಳು ತಿರುಗಿದಾಗ ಸಾಲಿನಲ್ಲಿ ಅವಳೊಬ್ಬಳೇ ಬೇರೆಯಾಗಿ ಕಂಡಳು. ಚಿಕ್ಕಮ್ಮ ನನ್ನನ್ನು ನೋಡಿದಳು, ನಾನು ಚಿಕ್ಕಮ್ಮನನ್ನು. ನಾವೂ ತಿರುಗಿದೆವು. ಒಬ್ಬಳು ತಿರುಗಿದರೆ ಯಾಕೆ ಎನ್ನುತ್ತಾರೆ, ಮೂವರೂ ತಿರುಗಿದರೆ ಹಾಗೇ ಇರಬೇಕು ಎಂದುಕೊಳ್ಳುತ್ತಾರೆ. ಯಜಮಾನ ಬದುವಿನಿಂದಲೇ ಕೂಗಿದ, "ಏನ್ರೇ, ನಾಟೀನೋ ಕುಣಿತಾನೋ? ತುಳೀತಿದ್ದೀರಲ್ಲ!" ಚಿಕ್ಕಮ್ಮ, "ಬಿಸಿಲು ಕಣ್ಣಿಗೆ ಬೀಳತ್ತೆ ಯಜಮಾನ್ರೇ" ಎಂದಳು. ಅವತ್ತು ಬಿಸಿಲೇ ಇರಲಿಲ್ಲ. ಆ ಮೂಲೆಯ ಪೈರು ಆ ವರ್ಷ ಕೊಯ್ಲಿನವರೆಗೂ ಸೊಟ್ಟಗೇ ನಿಂತಿತ್ತು.

ಕ್ಯಾಲೆಂಡರನ್ನು ಚಹಾ ಅಂಗಡಿಗೆ ತಂದು ಮೊಳೆ ಹೊಡೆದವನೂ ಅವನೇ. "ಮುಖ ಬರೀತಾನಂತೆ ಮುಖ! ನೋಡ್ರೋ, ಏನು ಬರೆದಿದ್ದಾನೆ" ಎಂದು ಮೊದಲು ನಕ್ಕವನು ಅವನು. ತಾರೀಖಿನ ತಮಾಷೆಯೂ ಅವನದೇ. ಮಿಕ್ಕವರು ಕಲಿತುಕೊಂಡರು. ನಿನ್ನ ಕೈಯಲ್ಲಿ ಟಿಕೆಟು ಇಟ್ಟದ್ದು, ಮನೆಯಲ್ಲಿ ಎದುರು ಮಾತಾಡುವ ಒಬ್ಬಳಾದರೂ ಕಡಿಮೆಯಾಗಲಿ ಎಂದು.

"ಒಬ್ಬ ಮಗಳಿಗಾದ್ರೂ ಅಪ್ಪ ಇರಲಿ ಬಿಡೇ" ಎಂದು ಅಮ್ಮ ನನ್ನ ಬಾಯಿ ಕಟ್ಟಿದ್ದಳು. ಇವತ್ತು ಬಿಚ್ಚಿದ್ದೇನೆ. ಅಮ್ಮನ ಕೈ ಬಿಂದಿಗೆಯಿಂದ ಉಳುಕಿದ್ದಲ್ಲ.

ಅಕ್ಕ


ಆಗಸ್ಟ್ 14

ಅಕ್ಕ,

ಟಿಕೆಟನ್ನು ಒಲೆಗೆ ಹಾಕಿದೆ. ಅದು ಭಗ್ಗನೆ ಉರಿಯಲೂ ಇಲ್ಲ, ಸುಮ್ಮನೆ ಸುರುಟಿಕೊಂಡು ಕಪ್ಪಾಯಿತು. ನಿನ್ನ ಮೇಲೆ ಬೇಸರವಿಲ್ಲ ಎಂದರೆ ಸುಳ್ಳಾಗುತ್ತದೆ. ಸ್ವಲ್ಪ ಇದೆ. ನನ್ನನ್ನು ಇಷ್ಟು ವರ್ಷ ಪ್ರೀತಿಯಿಂದಲೇ ಪೆದ್ದಿ ಮಾಡಿದಿರಿ. ಕ್ಯಾಲೆಂಡರಿನ ಕೆಳಗೆ ಕೂತು ಅವನು ನಕ್ಕಾಗಲೆಲ್ಲ ನಾನು ಅವನಿಗಾಗಿ ಮರುಗಿದ್ದೇನೆ. ಆ ಮರುಕವನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವಂತಿದ್ದರೆ!

ಮೊದಲು ಬಣ್ಣದವನ ಲೆಕ್ಕ. ಮೊನ್ನೆ ಪ್ರದರ್ಶನ ಶುರುವಾಯಿತು. ದೊಡ್ಡ ಸಭಾಂಗಣ, ಮಿರುಗುವ ನೆಲ, ಇಸ್ತ್ರಿ ಮಾಡಿದ ಜನ. ಅಮ್ಮನ ಚಿತ್ರ ನಡುಗೋಡೆಗೆ. ಅವನು ಮೈಕಿನ ಮುಂದೆ ನಿಂತು "ದುಡಿಮೆಗೆ ಮುಖ..." ಎಂದು ಶುರು ಮಾಡಿದ. ನಾನು ಕುರ್ಚಿಗಳ ಹಿಂದೆ ನಿಂತಿದ್ದವಳು ಕೂಗಿಯೇ ಕೇಳಿದೆ, "ಮೇಷ್ಟ್ರೇ, ಆ ನಡುವಿನವಳ ಎಡಗಣ್ಣು ಹೇಗಿತ್ತು, ಅದನ್ನೂ ಹೇಳಿ."

ಜನ ತಿರುಗಿದರು. ಯಾರೋ ನನ್ನ ತೋಳು ಹಿಡಿದರು. ಅವನು "ಬಿಡಿ ಅವಳನ್ನ" ಎಂದ. ಆಮೇಲೆ ಹೇಳಿದ, ಕಣ್ಣು, ತುಟಿ, ತುಳಿದ ಸಸಿ ಎಲ್ಲ. "ನಾನು ಕೇಳಬೇಕಿತ್ತು, ಕೇಳಲಿಲ್ಲ" ಎಂದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವನ ಮುಖ ಇಳಿದು ಹೋದದ್ದನ್ನು ನೋಡಿ ನನಗೆ ಹಾಯೆನಿಸಿತು. ಮುಚ್ಚಿಡುವುದೇನು, ಬಹಳ ಹಾಯೆನಿಸಿತು.

ಮಾರನೆಯ ದಿನ ಆ ಇದ್ದಿಲಿನ ಚಿತ್ರ ಕೊಡಿ ಎಂದೆ. "ಅದು ನಾನು ಬರೆದದ್ದು" ಎಂದ. "ಗೆರೆ ನಿಮ್ಮದು, ಕಣ್ಣು ನಮ್ಮದು" ಎಂದೆ. ಕೊಟ್ಟ. ಚೌಕಟ್ಟನ್ನು ನಾನೇ ಹಾಕಿದ್ದೇನೆ, ಗಾಜಿನ ಸಮೇತ. ಮೊಳೆ ಹೊಡೆಯುವಾಗ ಕೈ ಒಮ್ಮೆಯೂ ತಪ್ಪಲಿಲ್ಲ.

ಈಗ ಅವನ ಲೆಕ್ಕ. ಅಪ್ಪ ಎಂದು ಬರೆಯಲು ಕೈ ಬರುತ್ತಿಲ್ಲ. ಆ ಕ್ಯಾಲೆಂಡರ್ ಇನ್ನೂ ಅಲ್ಲೇ ಇದೆಯೇ? ಅದನ್ನು ಕಿತ್ತು, ಅದೇ ಮೊಳೆಗೆ ಈ ಮುಖ ತೂಗುಹಾಕಬೇಕು. ಅವನು ದಿನಾ ಚಹಾ ಕುಡಿಯುವ ಬೆಂಚಿನ ಮೇಲೆ, ಅವನು ನಗುವ ಜಾಗದಲ್ಲಿ. ನೋಡಿದವರು ಯಾರು ಹೊಡೆದದ್ದು ಎಂದು ಕೇಳಲಿ. ಅವನೇ ಕೂತು ಉತ್ತರ ಕೊಡಲಿ.

ಆದರೆ ಅದು ಅಮ್ಮನ ಮುಖ. ಅವಳು ಬೆನ್ನು ತಿರುಗಿಸಿ ಮುಚ್ಚಿಟ್ಟದ್ದನ್ನು ನಾನು ಅವಳನ್ನು ಕೇಳದೆ ಬಿಚ್ಚಿದರೆ ಬಣ್ಣದವನಿಗೂ ನನಗೂ ಏನು ವ್ಯತ್ಯಾಸ? ಕೇಳಿ ಬರೆ. ಅವಳು ಬೇಡ ಎಂದರೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತೇನೆ. ಹಲ್ಲು ಕಡಿದುಕೊಂಡಾದರೂ ಹಾಕುತ್ತೇನೆ.

ಗಾಳಿ


ಆಗಸ್ಟ್ 21

ಗಾಳಿ,

ಕೇಳಿದೆ. ಅಮ್ಮ ಅಕ್ಕಿ ಆರಿಸುತ್ತಿದ್ದಳು, ಒಂದು ಕೈಯಲ್ಲಿ. ನಾನು ಮಾತಿಗೆ ತಪ್ಪಿದ್ದಕ್ಕೆ ಮೊದಲು ಬೈದಳು. ಆಮೇಲೆ ನಿನ್ನ ಕಾಗದವನ್ನು ಪೂರ್ತಿ ಓದಿಸಿಕೊಂಡಳು. ಸಭೆಯಲ್ಲಿ ನೀನು ಕೂಗಿದ್ದನ್ನು ಎರಡು ಸಲ ಓದಿಸಿದಳು.

ಸೂರ್ಯ ಇಳಿಯುವವರೆಗೆ ಅಕ್ಕಿ ಆರಿಸಿದಳು. ಆಮೇಲೆ, "ಮೂಗು ಸರಿಯಾಗಿ ಬರೆದಿದ್ದಾನಂತಾ?" ಎಂದಳು.

"ಗೊತ್ತಿಲ್ಲಮ್ಮ, ಅವಳು ಬರೀಲಿಲ್ಲ."

"ಕೇಳು. ಕಣ್ಣು ಹೋದ್ರೆ ಹೋಯ್ತು, ಮೂಗು ನನ್ನ ಅಮ್ಮನದು." ಇಷ್ಟು ವರ್ಷಗಳಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಆಮೇಲೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಅವತ್ತು ನಾಚಿಕೆ ಪಡಬೇಕಾದೋನು ಬೇರೆಯವನು, ಮುಖ ತಿರುಗಿಸಿದೋಳು ನಾನು. ತರಲಿ. ಆದ್ರೆ ಗಾಳಿ ತೂಗುಹಾಕೋದು ಬೇಡ, ಅವಳು ಹೊತ್ತು ತಂದರೆ ಸಾಕು. ಆ ಅಂಗಡಿಗೆ ನಾನೇ ಹೋಗ್ತೀನಿ. ಅವನು ಬೆಂಚಿನ ಮೇಲಿರೋವಾಗಲೇ ಹೋಗ್ತೀನಿ. ಬೆಂಚಿನಿಂದ ಏಳು ಅಂತೀನಿ, ಅದರ ಮೇಲೆ ಹತ್ತೇ ಹಾಕ್ತೀನಿ."

ಕ್ಯಾಲೆಂಡರ್ ಇನ್ನೂ ಅಲ್ಲೇ ಇದೆ. ತಾರೀಖಿನ ಹಾಳೆಗಳು ಎಂದೋ ಹೋದವು, ಚಿತ್ರ ಮಾತ್ರ ಉಳಿದಿದೆ.

ಅಲ್ಲಿಂದ ಬಂದ ಮೇಲೆ ಅಮ್ಮ ಆ ಮನೆಗೆ ಹಿಂತಿರುಗುವುದಿಲ್ಲ. ಚಿಕ್ಕಮ್ಮ ತನ್ನ ಹಿಂದಿನ ಕೋಣೆ ಗುಡಿಸಿಟ್ಟಿದ್ದಾಳೆ. ಅಮ್ಮನ ಬಟ್ಟೆ ಒಂದೊಂದಾಗಿ ಸಾಗಿಸುತ್ತಿದ್ದೇನೆ. ತೇಪೆಯದ್ದೂ ಇದೆ, ಅದನ್ನು ಅವಳು ಎಸೆದಿರಲೇ ಇಲ್ಲ. ಅಂಗಡಿಗೆ ಹೋಗುವಾಗ ಅದನ್ನೇ ಉಡುತ್ತಾಳಂತೆ. ನಾನೂ ಚಿಕ್ಕಮ್ಮನೂ ಎರಡು ಬದಿಗೆ ನಿಲ್ಲುತ್ತೇವೆ. ಈ ಸಲ ಯಾರೂ ತಿರುಗುವುದಿಲ್ಲ.

ಬೇಗ ಬಾ.

ಅಕ್ಕ


ಆಗಸ್ಟ್ 27

ಅಕ್ಕ,

ಈ ಕಾಗದಕ್ಕಿಂತ ಮೊದಲು ನಾನೇ ಬಂದು ಮುಟ್ಟಬಹುದು, ಆದರೂ ತಡೆಯಲಾರೆ: ಮೂಗು ಸರಿಯಾಗಿದೆ ಎಂದು ಅಮ್ಮನಿಗೆ ಹೇಳು. ಥೇಟ್ ಅಜ್ಜಿಯದೇ.

ಚಿತ್ರಕ್ಕೆ ಹಳೆಯ ಕಂಬಳಿ ಸುತ್ತಿ, ಮೇಲೆ ಹಲಗೆ ಕಟ್ಟಿದ್ದೇನೆ. ಬಸ್ಸಿನಲ್ಲಿ ಮಡಿಲಲ್ಲೇ ಇಟ್ಟುಕೊಳ್ಳುತ್ತೇನೆ, ಮೇಲೆ ಹಾಕಲು ಕೊಡುವುದಿಲ್ಲ. ಬಣ್ಣದವನು ನನ್ನ ಕೋಣೆಯ ಬಾಗಿಲವರೆಗೆ ಬಂದು, "ನಿಮ್ಮಮ್ಮನಿಗೆ ಹೇಳು, ನಾನು ಕ್ಷಮೆ ಕೇಳ್ದೆ ಅಂತ" ಎಂದ. "ಅದನ್ನ ನಾನು ಹೊರೋಲ್ಲ, ನೀವೇ ಬಂದು ಹೇಳಿ" ಎಂದೆ. ಬರುತ್ತಾನೋ ಇಲ್ಲವೋ, ಅದು ಅವನಿಗೆ ಬಿಟ್ಟದ್ದು.

ಅಂಗಡಿಯ ಮೊಳೆ ತುಕ್ಕು ಹಿಡಿದಿರಬಹುದು. ಸುತ್ತಿಗೆ ತರುತ್ತಿದ್ದೇನೆ, ಆದರೆ ಬೇರೆ ಮೊಳೆ ತರುತ್ತಿಲ್ಲ. ಅದೇ ಬೇಕು.

ಅಲ್ಲಿ ಯಾರಾದರೂ ತಾರೀಖು ಕೇಳಿದರೆ ಈ ಸಲ ಉತ್ತರ ಇದೆ. ನಾಳೆ ಇಪ್ಪತ್ತೆಂಟು. ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತೇನೆ.

ಗಾಳಿ